ಪಾಲಿಗೆ ಕೊಟ್ಟ ಕೋಳಿ

"ಏಯ್... ಆ ಚೀಲ ಮುಟ್ಟಬೇಡಿ! ಅದು ನಂದು!"

ಶಿವಾಜಿನಗರದ ಮಾರ್ಕೆಟ್ಟಿನ ಹಿಂಬದಿಯಲ್ಲಿ ಜೆಸಿಂತಾ ಕಿರುಚಿದ ರಭಸಕ್ಕೆ ಕೊತ್ತಂಬರಿ ಮಾರುವವಳೂ ತಲೆ ಎತ್ತಿ ನೋಡಿದಳು.

ಚೀಲದಲ್ಲಿ ಇದ್ದದ್ದು ಬಂಗಾರವೇನಲ್ಲ. ಎಲೆಕೋಸಿನ ಮೇಲಿನ ಎಲೆಗಳು, ಬಾಡಿದ ಮೂಲಂಗಿ ಸೊಪ್ಪು, ವ್ಯಾಪಾರಿಗಳು ಕಿತ್ತೆಸೆದ ಕಸ ಅಷ್ಟೇ. ಆದರೆ ಆ ಕಸವನ್ನು ನಂಬಿಕೊಂಡು ಅವಳ ಮನೆಯ ಹಿತ್ತಲಲ್ಲಿ ಕೋಳಿಗಳು ಕಾಯುತ್ತಿದ್ದವು!

ಚೀಲದ ಇನ್ನೊಂದು ತುದಿ ಹಿಡಿದಿದ್ದವನು ಎತ್ತರದ ಆಳು. ಬಣ್ಣ ಹೋದ ಅಂಗಿ, ಬೋಳಿಸದ ಗಡ್ಡ, ಮುಖದಲ್ಲಿ ಒಂಚೂರೂ ಕೋಪವಿಲ್ಲ.

"ಮೇಡಂ, ದಿನಾ ನಾನೇ ತಗೊಂಡ್ ಹೋಗೋದು. ಹಸುಗೆ."

"ನಾನು ಕೋಳಿಗೆ!"

"ಹಸು ದೊಡ್ಡದಲ್ವಾ ಮೇಡಂ..."

"ದೊಡ್ಡೋರಿಗೆ ಎಲ್ಲಾ ಕಡೆ ಸಿಗತ್ತೆ ಕಣ್ರೀ. ನಮ್ಮಂಥ ಚಿಕ್ಕೋರು ಎಲ್ಲಿಗ್ ಹೋಗ್ಬೇಕು?"

ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಛೆ! ಕಸಕ್ಕಾಗಿ ರಸ್ತೆಯಲ್ಲಿ ನಿಂತು ಜಗಳ ಆಡೋ ಹಾಗಾಯ್ತಲ್ಲ ನನ್ನ ಬಾಳು...

ಅವನು ಅವಳನ್ನೇ ಒಂದು ಗಳಿಗೆ ನೋಡಿದ. ನೆಲದ ಮೇಲೆ ಚೀಲ ಸುರಿದ. ಎಳೆಯ ಎಲೆಗಳನ್ನೆಲ್ಲ ಅವಳ ಕಡೆ ತಳ್ಳಿ, ದಂಟು ಕಡ್ಡಿಗಳನ್ನು ತನ್ನ ಕಡೆ ಎಳೆದುಕೊಂಡ.

"ಪಾಲು," ಎಂದ. "ಈಗ ಸರೀನಾ?"

ಹೆಸರು ಕೇಳಿದರೆ ಮುನಿಆಂಜನಪ್ಪ. ಪ್ರೇಮಕಥೆಯ ನಾಯಕನಿಗೆ ಇಂಥ ಹೆಸರೇ ಅಂತ ಮೂಗು ಮುರಿಯಬೇಡಿ ಮತ್ತೆ! ತಾತನ ಹೆಸರು, ಇಟ್ಟರು, ಅವನೇನು ಮಾಡಿಯಾನು? ಎಲ್ಲರ ಬಾಯಲ್ಲಿ ಅವನು ಮುನಿ.

ಮನೆಗೆ ಬಂದ ಮೇಲೂ ಜೆಸಿಂತಾಳ ಕಣ್ಣಲ್ಲಿ ಆ ಎಳೆಯ ಎಲೆಗಳೇ ಇದ್ದವು. ತನ್ನ ಪಾಲಿಗೆ ಒಳ್ಳೆಯದನ್ನು ಯಾರಾದರೂ ಹೀಗೆ ತಳ್ಳಿ ಎಷ್ಟು ಕಾಲವಾಗಿತ್ತೋ, ಅವಳಿಗೆ ನೆನಪಿರಲಿಲ್ಲ.

ಅವಳ ಮನೆ ಪುಲಿಕೇಶಿನಗರದ ಹಳೆಯ ಬಂಗಲೆಯೊಂದರ ಹಿಂದಿನ ಔಟ್‌ಹೌಸ್. ಅಪ್ಪ ತೀರಿಹೋದ ಮೇಲೆ ಉಳಿದವರು ಅವಳು, ಅಮ್ಮ ಲೂರ್ದಮ್ಮ, ಮತ್ತೆ ಹಿತ್ತಲ ಕೋಳಿಗಳು. ಅಮ್ಮನ ಕಣ್ಣಿಗೆ ಪೊರೆ ಬಂದು ಮನುಷ್ಯರು ನೆರಳಿನಂತೆ ಕಾಣುತ್ತಿದ್ದರು. ಜೆಸಿಂತಾ ಮನೆಯಲ್ಲೇ ಕೂತು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಆ ಮನೆಯಲ್ಲಿ ಯಾವುದೂ ವ್ಯರ್ಥವಾಗುವಂತಿರಲಿಲ್ಲ. ಅಕ್ಕಿ ತೊಳೆದ ನೀರು ತುಳಸಿಗಿಡವಿಲ್ಲದಿದ್ದರೂ ಕರಿಬೇವಿಗೆ, ಮೊಟ್ಟೆಯ ಚಿಪ್ಪು ಪುಡಿಯಾಗಿ ಮತ್ತೆ ಕೋಳಿಗೆ, ಬಟ್ಟೆಯ ಚೂರು ಕೌದಿಗೆ.

ಆಮೇಲೆ ಮಾರ್ಕೆಟ್ಟಿನಲ್ಲಿ ಇಬ್ಬರೂ ಸಿಕ್ಕಾಗಲೆಲ್ಲ ಸೊಪ್ಪು ಪಾಲಾಯಿತು. ಒಂದು ದಿನ ಮುನಿ ಬುಟ್ಟಿಯೊಂದನ್ನು ಹೊತ್ತು ಅವಳ ಹಿತ್ತಲಿಗೇ ಬಂದ. ಒಳಗೆ ಕೆಂಪಗಿನ ನಾಟಿ ಕೋಳಿ!

"ಪಾಲಿಗೆ ಇಟ್ಕೊಳ್ಳಿ," ಎಂದ.

ಒಳಗಿದ್ದ ಲೂರ್ದಮ್ಮನಿಗೆ ದಿಗಿಲಾಯಿತು. ಆ ಮನೆಯ ಮಾತು ತಮಿಳು, ತಮಿಳಿನಲ್ಲಿ ಪಾಲು ಅಂದರೆ ಹಾಲು!

"ಏನು? ಪಾಲಿಗಾ? ಕೋಳಿ ಯಾವಾಗಿಂದಪ್ಪಾ ಹಾಲು ಕೊಡೋಕೆ ಶುರು ಮಾಡ್ತು?"

ಜೆಸಿಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುನಿಯ ಕಿವಿ ಕೆಂಪಾಯಿತು. ಕಷ್ಟಪಟ್ಟು ವಿವರಿಸಿದ. ಗರುಡಾಚಾರ್‌ಪಾಳ್ಯದ ಅವನ ಮನೆಯ ಕಡೆ ಅದೊಂದು ರೂಢಿ. ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು. ಮರಿಯಾದರೆ ಅರ್ಧ ಅವರಿಗೆ, ಅರ್ಧ ಇವರಿಗೆ.

"ಹಾಗಾದ್ರೆ ಆಗಾಗ ಬಂದು ನೋಡ್ಕೊಂಡ್ ಹೋಗ್ತೀರಾ?" ಜೆಸಿಂತಾ ಕೇಳಿದಳು.

"ನೋಡ್ಲೇಬೇಕಲ್ಲ..." ಎಂದವನು ಕೋಳಿಯನ್ನು ನೋಡಲಿಲ್ಲ, ಅವಳನ್ನು ನೋಡಿದ.

ಲೂರ್ದಮ್ಮ ಅಂದೇ ಆ ಕೋಳಿಗೆ ಪಾಲಮ್ಮ ಎಂದು ಹೆಸರಿಟ್ಟಳು.

ಪಾಲಮ್ಮ ಕಾವಿಗೆ ಕೂತ ಮೇಲಂತೂ ಅವನ ಭೇಟಿಗೆ ಲೆಕ್ಕವಿರಲಿಲ್ಲ. ಒಂದು ಸಂಜೆ, ಕತ್ತಲು ತುಂಬಿದ ಸೌದೆ ಕೋಣೆಯಲ್ಲಿ ಅವನು ಒಂದು ಮೊಟ್ಟೆಯನ್ನು ಎತ್ತಿ ಅದರ ಹಿಂದೆ ಫೋನಿನ ಟಾರ್ಚ್ ಹಿಡಿದ. ಚಿಪ್ಪಿನೊಳಗೆ ಕೆಂಪು ಎಳೆಗಳು, ನಡುವೆ ಮಿಡಿಯುವ ಒಂದು ಚುಕ್ಕೆ.

"ಜೀವ..." ಪಿಸುಗುಟ್ಟಿದ ಮುನಿ.

ನೋಡಲು ಬಾಗಿದ ಅವಳ ಹಣೆ ಅವನ ಹಣೆಗೆ ತಾಗಿತು. ಇಬ್ಬರೂ ಹಿಂದೆ ಸರಿಯಲಿಲ್ಲ.

ಆ ಸಂಜೆಯಿಂದ ಜೆಸಿಂತಾ ತಾನಾಗಿ ಉಳಿಯಲಿಲ್ಲ. ಗೇಟು ಸದ್ದಾದರೆ ಎದೆ ಹಾರುವುದು, ಹೊಲಿಗೆ ತಪ್ಪುವುದು, ಬಿಚ್ಚಿ ಮತ್ತೆ ಹೊಲಿಯುವುದು. ಕರ್ತನೇ, ಈ ವಯಸ್ಸಲ್ಲಿ ನನಗೆ ಇದೆಲ್ಲಾ ಬೇಕಿತ್ತಾ?

ಆದರೆ ಸುಖಕ್ಕೆ ಆಯಸ್ಸು ಕಡಿಮೆ ಅಂತಾರಲ್ಲ, ಹಾಗೇ ಆಯಿತು ನೋಡಿ.

ಮೊದಲನೇ ಪೆಟ್ಟು ಬಂಗಲೆಯದು. ಯಜಮಾನರ ಮಕ್ಕಳು ಅದನ್ನು ಮಾರಿದರು. ಹೊಸ ವರ್ಷ ಕಳೆಯುತ್ತಲೇ ಔಟ್‌ಹೌಸ್ ಸಮೇತ ನೆಲಸಮ. ಕೊಯಮತ್ತೂರಿನಲ್ಲಿದ್ದ ಅಣ್ಣ, "ಇಬ್ರೂ ಇಲ್ಲಿಗೇ ಬನ್ನಿ, ಇರೋ ಜಾಗದಲ್ಲೇ ಹೊಂದ್ಕೊಳ್ಳೋಣ," ಎಂದ. ದಬ್ಬುವಂಥ ದನಿಯಲ್ಲ, ಕರೆಯುವಂಥ ದನಿಯೂ ಅಲ್ಲ.

ಎರಡನೆಯದು ಪಕ್ಕದ ಮನೆಯ ಫಹ್ಮಿದಾಳ ಬಾಯಿಂದ ಬಂತು. ಅವಳ ಗಂಡ ಅಕ್ತರ್ ಗೂಡ್ಸ್ ಆಟೊ ಓಡಿಸುವವನು, ಊರೆಲ್ಲ ಬಲ್ಲವನು.

"ಅರೇ ಜೆಸಿ! ನಿನ್ನ ಹಸು ಸಾಹೇಬ ಯಾರು ಗೊತ್ತಾ? ಗರುಡಾಚಾರ್‌ಪಾಳ್ಯದಲ್ಲಿ ಅವ್ರದ್ದು ದೊಡ್ಡ ದೊಡ್ಡ ಬಿಲ್ಡಿಂಗು! ಅಮ್ಮನ ಹಟಕ್ಕೆ ಹಸು ಇಟ್ಕೊಂಡವ್ರೆ ಅಷ್ಟೇ. ಬಡವ ಅಂದ್ಕೊಂಡಿದ್ಯಾ?"

ಹೌದು, ಅವಳು ಹಾಗೇ ಅಂದುಕೊಂಡಿದ್ದಳು. ತನ್ನಂತೆಯೇ ಕಸ ಆಯುವವನು, ತನ್ನಂತೆಯೇ ಚೂರು ಕೂಡಿಸಿ ಬದುಕುವವನು ಅಂತ. ಈಗ ಎಲ್ಲವೂ ಬೇರೆ ಥರ ಕಂಡಿತು. ಅವನಿಗೆ ಮರಿಯ ಪಾಲು ಬೇಕಾಗಿರಲೇ ಇಲ್ಲ. ಹಾಗಾದರೆ ಇದೆಲ್ಲ ಏನು? ಕರುಣೆಯಾ? ಆಟವಾ?

ಅದೇ ಅನುಮಾನದಲ್ಲಿ ಬೇಯುತ್ತಿರುವಾಗ, ನವೆಂಬರ್‌ನ ಒಂದು ಬೆಳಿಗ್ಗೆ ಮುನಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ನೀಟಾಗಿ ಬೋಳಿಸಿದ ಗಡ್ಡ. ಪಾಲಮ್ಮನ ಮರಿಗಳು ಆಗಲೇ ಕೈಗೆ ಸಿಗದಷ್ಟು ಚುರುಕಾಗಿದ್ದವು.

"ಮರಿ ಬೆಳೆದಿವೆ," ಎಂದಳು ಜೆಸಿಂತಾ. "ನಿಮ್ಮ ಪಾಲು ಯಾವಾಗ ತಗೊಂಡ್ ಹೋಗ್ತೀರಾ?"

ಮುನಿ ಗಂಟಲು ಸರಿಮಾಡಿಕೊಂಡ. ಅಂಗಿಯ ಗುಂಡಿ ತಿರುವಿದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

"ಅದು... ನಮ್ಮಮ್ಮ ಹೇಳಿದ್ರು... ನಿಮ್ಮನೆಯಿಂದ ಪಾಲು ತಗೋಬಾರ್ದಂತೆ."

ಜೆಸಿಂತಾ ನಿಂತಲ್ಲೇ ಕಲ್ಲಾದಳು.

ನಮ್ಮನೆಯಿಂದ... ತಗೋಬಾರ್ದು?

ಅವಳು ಚಿಕ್ಕವಳಿದ್ದಾಗ ಕ್ರಿಸ್‌ಮಸ್ ದಿನ ಬೀದಿಯ ಮನೆಮನೆಗೂ ಹಬ್ಬದ ತಟ್ಟೆ ಹೊತ್ತು ಹೋಗುತ್ತಿದ್ದಳು. ಒಂದು ಮನೆಯವರು ನಗುತ್ತಲೇ ತಟ್ಟೆ ತೆಗೆದುಕೊಂಡರು. ಸಂಜೆ ಅದೇ ಕರಿದ ಸಿಹಿ ಕಲ್‌ಕಲ್, ಅದೇ ಕೇಕು ಅವರ ಗೇಟಿನ ಪಕ್ಕದ ಕಸದ ಡಬ್ಬಿಯಲ್ಲಿತ್ತು. ಎಷ್ಟು ಅತ್ತಿದ್ದಳು ಅವತ್ತು! ಅಮ್ಮ ಸಮಾಧಾನ ಹೇಳಿದ್ದಳು, "ನಮ್ಮ ಕೈಯಿಂದ ಕೆಲವ್ರು ತಗೊಳ್ಳಲ್ಲ ನನ್ ಕಣ್ಣು. ಬಿಡು." ಆ ಗಾಯ ಮಾಯ್ದಿದೆ ಅಂದುಕೊಂಡಿದ್ದಳು. ಮಾಯ್ದಿರಲಿಲ್ಲ.

"ಸರಿ," ಎಂದಳು. "ನಿಮ್ಮಮ್ಮ ಹೇಳಿದ್ಮೇಲೆ ಸರಿ."

ಆಗ ಮುನಿ ಏನು ಮಾಡಿದ ಗೊತ್ತೇ? ನಕ್ಕ! ಮುಖವೆಲ್ಲ ಅರಳಿಸಿಕೊಂಡು, ದೊಡ್ಡ ಭಾರ ಇಳಿಸಿದವನ ಹಾಗೆ ನಕ್ಕ. "ಸರಿ ಅಂದ್ರಲ್ಲಾ... ಸಾಕು! ಅಮ್ಮನಿಗೆ ಹೇಳ್ತೀನಿ," ಎಂದವನೇ ಗೇಟು ದಾಟಿ ಹೊರಟೇಹೋದ.

ಬಿಡುಗಡೆ ಸಿಕ್ಕಿತು ಅಂತ ನಗ್ತಾನೆ! ಜೆಸಿಂತಾ ಸೌದೆ ಕೋಣೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮಾರನೇ ದಿನ ಪಾಲಮ್ಮನನ್ನೂ ಅವಳ ಅರ್ಧ ಮರಿಗಳನ್ನೂ ಬುಟ್ಟಿಗೆ ತುಂಬಿ ಅಕ್ತರ್ ಆಟೊದಲ್ಲಿ ಗರುಡಾಚಾರ್‌ಪಾಳ್ಯಕ್ಕೆ ಕಳಿಸಿಬಿಟ್ಟಳು. ನಿಮ್ಮ ಕರುಣೆ ನಿಮಗೇ ಇರಲಿ!

ಸಂಜೆ ಅವನ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಎತ್ತಲಿಲ್ಲ. ಕೊನೆಗೊಂದು ಮೆಸೇಜ್.

"ಇದೇ ನಿಮ್ಮ ಉತ್ತರಾನಾ?"

ಬರೆದಳು, "ಹೌದು."

ಆಮೇಲೆ ಫೋನ್ ಬರಲಿಲ್ಲ. ಮಾರ್ಕೆಟ್ಟಿನ ಸೊಪ್ಪಿನ ರಾಶಿಯ ಹತ್ತಿರವೂ ಅವನು ಕಾಣಲಿಲ್ಲ. ಚೀಲ ತುಂಬಾ ಎಳೆಯ ಎಲೆ ಅವಳೊಬ್ಬಳಿಗೇ ಸಿಕ್ಕಿತು. ಅದನ್ನು ಹೊತ್ತು ಬರುವಾಗ ಕಾಲೇ ಬರುತ್ತಿರಲಿಲ್ಲ.

ಡಿಸೆಂಬರ್ ಬಂತು. ಬೀದಿಯಲ್ಲಿ ನಕ್ಷತ್ರಗಳು ತೂಗಿದವು. ಜೆಸಿಂತಾ ಹೋದ ವರ್ಷದ ಹರಿದ ನಕ್ಷತ್ರಕ್ಕೆ ಗಾಳಿಪಟದ ಕಾಗದ ಅಂಟಿಸಿದಳು. ಬಾಲಯೇಸುವಿನ ಗೋದಲಿಯ ಹುಲ್ಲಿಗೆಂದು ತೆಂಗಿನ ಚಿಪ್ಪಿನಲ್ಲಿ ರಾಗಿ ಚೆಲ್ಲಿದಳು. ಕಿತ್ತಳೆ ಸಿಪ್ಪೆಯನ್ನು, ಎಳೆ ಪರಂಗಿಕಾಯಿಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಒಣಗಿಸಿದಳು, ಅಂಗಡಿಯ ಒಣಹಣ್ಣಿಗೆ ಬದಲಾಗಿ. ಕೋಳಿಗಳ ಮೊಟ್ಟೆಯನ್ನು ತಾವು ತಿನ್ನದೆ ಕೇಕಿಗೆಂದು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟಳು.

ತಾಯಿ ಮಗಳು ಕೂತು ಬಾಚಣಿಗೆಯ ಬೆನ್ನಿನ ಮೇಲೆ ಹಿಟ್ಟು ಉರುಳಿಸಿ ಕಲ್‌ಕಲ್ ಮಾಡಿದರು. ಅಮ್ಮನಿಗೆ ಕಣ್ಣು ಬೇಕಾಗಿರಲಿಲ್ಲ, ಬೆರಳಿಗೇ ಗೊತ್ತಿತ್ತು.

"ಈ ಮನೇಲಿ ಇದೇ ಕೊನೇ ಹಬ್ಬ," ಎಂದಳು ಲೂರ್ದಮ್ಮ. "ಸ್ವಲ್ಪ ಜಾಸ್ತಿನೇ ಮಾಡು. ಬೀದಿಗೆಲ್ಲಾ ಕೊಟ್ಟು ಹೋಗೋಣ."

"ಹೂಂ ಅಮ್ಮಾ."

"ಆ ಹುಡುಗ ಯಾಕೆ ಬರ್ತಿಲ್ಲ?"

ಜೆಸಿಂತಾ ಇನ್ನೊಂದು ಉಂಡೆ ಉರುಳಿಸಿದಳು. ಹಿಟ್ಟಿನ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಅಮ್ಮನಿಗೆ ಕಾಣದಿರುವುದೇ ಒಳ್ಳೆಯದಾಯಿತು ಅಂದುಕೊಂಡಳು. ಅಯ್ಯೋ ಪೆದ್ದು, ತಾಯಿಗೆ ಕಾಣಿಸೋಕೆ ಕಣ್ಣೇ ಬೇಕಾ?

ಉಳಿದದ್ದು ಕೋಳಿಗಳ ಪ್ರಶ್ನೆ. ಕೊಯಮತ್ತೂರಿನಲ್ಲಿ ಅಣ್ಣನ ಮನೆ ಮೂರನೇ ಮಹಡಿಯಲ್ಲಿ. ಅಲ್ಲಿ ಮನುಷ್ಯರಿಗೇ ಜಾಗವಿಲ್ಲ.

"ನಮ್ಮ ಅಣ್ಣನ ಕೋಳಿ ಅಂಗಡಿಗೆ ಕೊಟ್ಬಿಡು ಜೆಸಿ," ಎಂದಳು ಫಹ್ಮಿದಾ, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಹಬ್ಬದ ಟೈಮು, ಒಳ್ಳೇ ರೇಟು."

ಅಂಗಡಿ ಅಂದರೆ ಕತ್ತಿ! ಜೆಸಿಂತಾ ಕಿರಿ ಹುಂಜವನ್ನು ಎದೆಗೊತ್ತಿಕೊಂಡಳು. ಹಬ್ಬದ ಸಾರಿಗೆ ಕೋಳಿ ಕೊಯ್ಯುವುದು ಅವರ ಮನೆಯಲ್ಲಿ ಹೊಸದೇನಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ? ಇಷ್ಟು ದಿನ ಮೊಟ್ಟೆಯಿಟ್ಟು ಮನೆ ನಡೆಸಿದವನ್ನು?

ಅವನ್ನು ಉಳಿಸಿಕೊಳ್ಳುವ ಹಿತ್ತಲು ಈ ಊರಲ್ಲಿ ಒಂದೇ ಒಂದಿತ್ತು. ಅಲ್ಲಿಗೆ ಹೋಗುವ ಮುಖ ಅವಳಿಗಿರಲಿಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಕೇಕಿನ ಹಿಟ್ಟು ಕಲಸಿ, ಟಿನ್ನಿಗೆ ಹೆಸರಿನ ಚೀಟಿ ಅಂಟಿಸಿ ಬೇಕರಿಯ ಸೌದೆ ಒಲೆಗೆ ಕೊಟ್ಟಳು. ಅಲ್ಲಿಂದ ನೇರ ಅಕ್ತರ್ ಆಟೊ ಹತ್ತಿದಳು, ಬುಟ್ಟಿಗಳ ಸಮೇತ.

ಮಾನ ಹೋದರೆ ಹೋಗ್ಲಿ. ಜೀವ ಉಳೀಲಿ.

ಗಾಜಿನ ಆಫೀಸುಗಳ ನಡುವೆ, ಬಾಡಿಗೆ ಬಿಲ್ಡಿಂಗಿನ ಬೆನ್ನಿಗೆ, ಹಂಚಿನ ಕೊಟ್ಟಿಗೆಯೊಂದಿತ್ತು. ಅಂಗಳ ಆಗಷ್ಟೇ ಸಾರಿಸಿ ರಂಗೋಲಿ ಹಾಕಿತ್ತು. ಬಾಗಿಲಿಗೆ ಮಾವಿನ ತೋರಣ. ಸೊಂಟಕ್ಕೆ ಸೆರಗು ಸಿಕ್ಕಿಸಿದ ಹಿರಿಯ ಹೆಂಗಸು ಹೊರಗೆ ಬಂದಳು. ಅವನದೇ ಮೂಗು, ಅವನದೇ ಕಣ್ಣು. ಬೈರಮ್ಮ.

"ಯಾರು?"

"ನಾನು... ಜೆಸಿಂತಾ. ಪುಲಿಕೇಶಿನಗರದಿಂದ..."

ಬೈರಮ್ಮನ ಮುಖ ಬಿಗಿಯಿತು.

"ಓ, ನೀನಾ! ಯಾಕಮ್ಮ ಬಂದೆ? ಇನ್ನೇನ್ ವಾಪಸ್ ಕೊಡೋದಿತ್ತು?"

"ನಮ್ಮ ಕೋಳಿಗಳು... ನಾವು ಊರು ಬಿಡ್ತಿದೀವಿ ಅಮ್ಮ. ಇವುಕ್ಕೆ ಜಾಗ ಇಲ್ಲ. ದಯವಿಟ್ಟು ಇಟ್ಕೊಳ್ಳಿ. ಕೊಯ್ಯಬೇಡಿ, ಅಷ್ಟೇ ಕೇಳ್ಕೊಳ್ಳೋದು."

"ನಿನ್ನ ಕೋಳಿ ನಾವ್ ಸಾಕ್ಬೇಕು, ನಮ್ಮ ಕೋಳಿ ಮಾತ್ರ ನಿನಗೆ ಬೇಡವಾಯ್ತು!" ಬೈರಮ್ಮನ ದನಿ ಏರಿತು. "ನಾವೇನ್ ಪಾಪ ಮಾಡಿದ್ವಿ ಹೇಳು. ಮರಿ ಸಮೇತ ವಾಪಸ್ ಕಳ್ಸಿದ್ಯಲ್ಲ, ನಮ್ಮ ಕಡೆ ಹಂಗ್ ಕಳ್ಸಿದ್ರೆ ಏನರ್ಥ ಗೊತ್ತಾ? ನಿಮ್ಮ ಸಹವಾಸವೇ ಬೇಡ ಅಂತ! ನನ್ ಮಗ ಆ ಬುಟ್ಟಿ ಮುಂದೆ ಕೂತೋನು ಕೂತೇ ಇದ್ದ, ಅನ್ನ ಮುಟ್ಲಿಲ್ಲ."

ಜೆಸಿಂತಾಳಿಗೆ ಇನ್ನು ತಡೆಯಲಾಗಲಿಲ್ಲ.

"ಬೇಡ ಅಂದಿದ್ದು ನೀವಲ್ವಾ ಅಮ್ಮ? ನಮ್ಮನೆಯಿಂದ ಪಾಲು ತಗೋಬಾರ್ದು ಅಂತ ನೀವೇ ಹೇಳಿ ಕಳ್ಸಿದ್ದಲ್ವಾ? ನಾವು ಚರ್ಚಿಗ್ ಹೋಗೋರು ಅಂತ... ನಮ್ಮ ಕೈದು ಆಗಲ್ಲ ಅಂತ..."

ಬೈರಮ್ಮ ಅವಳನ್ನೇ ಪಿಳಿಪಿಳಿ ನೋಡಿದಳು. ಆಮೇಲೆ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ ಶಿವನೇ! ಹೆಣ್ಣು ತರೋ ಮನೆಯಿಂದ ಯಾರಾದ್ರೂ ಪಾಲು ತಗೋತಾರೇನಮ್ಮಾ? ಈ ಮನೆ ಬೇರೆ, ಆ ಮನೆ ಬೇರೆ ಅಂತ ಇದ್ರೆ ತಾನೇ ಪಾಲು! ಬೀಗರಾಗೋರ ಹತ್ರ ಲೆಕ್ಕ ಹಾಕ್ಬಾರ್ದು ಕಣೋ, ಹೋಗಿ ಹೇಳು, ಹಂಗೇ ಹೆಣ್ಣು ಕೇಳ್ಕೊಂಡ್ ಬಾ ಅಂತ ಕಳ್ಸಿದ್ದು ನಾನು!"

ಜೆಸಿಂತಾಳ ಕೈಯಿಂದ ಬುಟ್ಟಿ ಜಾರಿತು.

"ಹೆಣ್ಣು... ಕೇಳೋಕೆ?"

"ಆ ಕೋಲೆಬಸವ ಅಷ್ಟು ಹೇಳಿ ಇನ್ನಷ್ಟು ಹೇಳ್ಲೇ ಇಲ್ವಾ?"

"ಅಷ್ಟೇ ಹೇಳಿದ್ರು ಅಮ್ಮ... ನಾನು ಸರಿ ಅಂದೆ... ಅವ್ರು ನಕ್ರು..."

"ನೀನು ಸರಿ ಅಂದೆ, ಅವ್ನು ಒಪ್ಪಿದ್ಲು ಅಂದ್ಕೊಂಡ!"

ಆ ನಗು ಬಿಡುಗಡೆಯ ನಗುವಲ್ಲ. ಅದು ಅವನ ಬದುಕಿನ ಅತಿ ದೊಡ್ಡ ಸಂತೋಷವಾಗಿತ್ತು. ಅದನ್ನು ಮಾರನೇ ದಿನವೇ ಬುಟ್ಟಿಯಲ್ಲಿ ಕಟ್ಟಿ ವಾಪಸು ಕಳಿಸಿದವಳು ತಾನು! ಜೆಸಿಂತಾಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಅವ್ರು... ಎಲ್ಲಿ?" ಕೇಳಿದಳು.

ಬೈರಮ್ಮ ಮುಖ ತಿರುಗಿಸಿ ತೋರಣದ ಕಡೆ ನೋಡಿದಳು. ಕೋಪ ಇಳಿದುಹೋಗಿತ್ತು. ಅದಕ್ಕಿಂತ ಕಷ್ಟದ್ದೇನೋ ಅಲ್ಲಿ ಬಂದು ಕೂತಿತ್ತು.

"ಹೂವು ಹಣ್ಣು ತರೋಕ್ ಹೋಗಿದಾನೆ. ಹೊಸಕೋಟೆಯಿಂದ ಹೆಣ್ಣಿನ ಕಡೆಯೋರು ಮನೆ ನೋಡೋಕ್ ಬರ್ತಿದಾರೆ ಕಣಮ್ಮ, ಇವತ್ತು ಮಧ್ಯಾಹ್ನ. ನಾನೇ ಮಾತು ಕೊಟ್ಟಿದೀನಿ. ಕೇಳಿದ್ದಕ್ಕೆಲ್ಲಾ ಹೂಂ ಅಂದ ಅವ್ನು, ಬದುಕೋ ಆಸೆನೇ ಬಿಟ್ಟೋನ ಹಂಗೆ... ಈಗ ನಾನೇನ್ ಮಾಡ್ಲಿ ಹೇಳು?"

ಏನು ಹೇಳುವುದು? ಎಲ್ಲೋ ಒಬ್ಬಳು ಹುಡುಗಿ ಈ ಹೊತ್ತು ಕನಸು ಕಾಣುತ್ತಿದ್ದಾಳೆ. ಅವಳು ಮಾಡಿದ ತಪ್ಪಾದರೂ ಏನು?

"ಏನೂ ಮಾಡ್ಬೇಡಿ ಅಮ್ಮ," ಎಂದಳು ಜೆಸಿಂತಾ. "ನಾನ್ ಬಂದಿದ್ದೆ ಅಂತಾನೂ ಹೇಳ್ಬೇಡಿ. ಕೋಳಿ ನೋಡ್ಕೊಳ್ಳಿ, ಸಾಕು."

ಬೈರಮ್ಮ ತಡೆಯಲಿಲ್ಲ. ಹೋಗು ಅನ್ನಲೂ ಇಲ್ಲ. ಬುಟ್ಟಿ ಬಿಚ್ಚಿ ಒಂದೊಂದೇ ಕೋಳಿಯನ್ನು ಕೊಟ್ಟಿಗೆಗೆ ಬಿಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೇಕರಿಯಿಂದ ಕೇಕು ತಂದಾಗ ಇನ್ನೂ ಬಿಸಿಯಿತ್ತು. ಮನೆಯೆಲ್ಲ ಏಲಕ್ಕಿ, ಕಿತ್ತಳೆಯ ಘಮ. ಖಾಲಿ ಹಿತ್ತಲಲ್ಲಿ ಮಾತ್ರ ಒಂದು ಸದ್ದಿಲ್ಲ. ಜೆಸಿಂತಾ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಎಲ್ಲವನ್ನೂ ಹೇಳಿದಳು.

ಲೂರ್ದಮ್ಮ ಬಹಳ ಹೊತ್ತು ಅವಳ ಕೂದಲು ಸವರಿದಳು.

"ಅವ್ನಿಗೆ ಬಾಯಿ ಇಲ್ಲ, ನಿನಗೆ ಕಿವಿ ಇಲ್ಲ. ಎಂಥಾ ಜೋಡಿ ಆಗ್ತಿತ್ತು!"

"ಅಮ್ಮಾ... ಇನ್ನು ಆಗಲ್ಲಮ್ಮಾ. ಮುಗೀತು."

"ಅಳು ನನ್ ಕಣ್ಣು. ಇವತ್ತು ಅಳು. ನಾಳೆ ಹಬ್ಬ."

ಹಬ್ಬದ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ತಾಯಿಯನ್ನು ಕೈಹಿಡಿದು ಮನೆಗೆ ಕರೆತಂದಳು. ಎಲ್ಲರ ಕೈ ಕುಲುಕಿ "ಹ್ಯಾಪಿ ಕ್ರಿಸ್‌ಮಸ್" ಹೇಳಿ ಹೇಳಿ ಕೆನ್ನೆ ನೋಯುತ್ತಿತ್ತು. ತನ್ನ ಹಳೆಯ ಸೀರೆಯನ್ನೇ ಕತ್ತರಿಸಿ ಹೊಲಿದುಕೊಂಡಿದ್ದ ಹೊಸ ಚೂಡಿದಾರ. ಚೆನ್ನಾಗಿದೆ ಎಂದು ಬೀದಿಯವರೆಲ್ಲ ಹೇಳಿದರು. ಯಾರು ಹೇಳಬೇಕಿತ್ತೋ ಅವನು ಹೇಳಲಿಲ್ಲ, ಅಷ್ಟೇ.

ಹಬ್ಬದ ತಟ್ಟೆಗಳ ಮೇಲೆ ಬಟ್ಟೆ ಮುಚ್ಚುತ್ತಿದ್ದಾಗ ಹಿತ್ತಲ ಬಾಗಿಲ ಬಳಿ ಯಾರೋ ಕೆಮ್ಮಿದರು.

ಮುನಿ!

ಕೆದರಿದ ಕೂದಲು. ಕೆಂಪಗಿನ ಕಣ್ಣು. ಬರಿಗೈ.

"ಯಾಕ್ ಬಂದ್ರಿ?" ಕೇಳಿದಳು ಜೆಸಿಂತಾ. "ನಿನ್ನೆ... ಅವ್ರು ಬಂದಿದ್ರಲ್ವಾ?"

"ಬಂದಿದ್ರು. ಹಣ್ಣಿನ ಬುಟ್ಟಿ ಹೊತ್ಕೊಂಡು ಒಳಗ್ ಬಂದೆ, ಕೊಟ್ಟಿಗೇಲಿ ನಿಮ್ಮ ಕೋಳಿ ಇದ್ವು. ಅಮ್ಮನ್ನ ಕೇಳ್ದೆ. ಅಮ್ಮನಿಗೆ ಸುಳ್ಳು ಹೇಳೋಕ್ ಬರಲ್ಲ."

"ಆಮೇಲೆ?"

"ಬಂದೋರ ಮುಂದೆ ಕೈ ಮುಗಿದ್ಬಿಟ್ಟೆ. ತಪ್ಪು ನಂದು, ನನ್ ಮನಸ್ಸು ಬೇರೆ ಕಡೆ ಇದೆ, ನಿಮ್ಮ ಹುಡುಗಿಗೆ ಅನ್ಯಾಯ ಮಾಡಲ್ಲ ಅಂದೆ. ಬೈದ್ರು. ಹುಡುಗಿ ಅಣ್ಣ ಹೊಡೆಯೋಕೇ ಬಂದ. ಹೊಡೀಲಿ ಅಂತ ನಿಂತೆ."

"ಅಯ್ಯೋ! ನಿಮ್ಮಮ್ಮ?"

"ಮಾತು ತಪ್ಪಿದ ಮನೆ ಆಯ್ತು ನಮ್ದು ಅಂತ ನನ್ ಜೊತೆ ಮಾತು ಬಿಟ್ಟಿದಾರೆ. ನಿಮ್ಮ ಕೋಳಿಗಳ ಜೊತೆ ಮಾತ್ರ ಮಾತಾಡ್ತಾರೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು. ಮರುಕ್ಷಣ ಅದು ಆರಿತು.

"ಮುನಿ ಅವರೇ... ಈಗ ಬಂದು ಏನ್ ಪ್ರಯೋಜನ? ಮುಂದಿನ ವಾರ ಈ ಮನೆ ಇರಲ್ಲ, ಕೊಯಮತ್ತೂರಿಗೆ ಅಣ್ಣನ ಮನೆಗೆ ಹೋಗ್ತಿದೀವಿ. ಅಮ್ಮನಿಗೆ ಕಣ್ಣು ಕಾಣಲ್ಲ, ಅವ್ರನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ. ನಮ್ಮ ದೇವರು ಬೇರೆ, ನಿಮ್ಮ ದೇವರು ಬೇರೆ. ನಿಮ್ಮಮ್ಮ ಮಾತೇ ಬಿಟ್ಟಿದಾರೆ. ಎಲ್ಲಿದೆ ದಾರಿ?"

"ಗೊತ್ತಿಲ್ಲ," ಎಂದ ಮುನಿ. "ಪಾಲಮ್ಮ ಕೂಡ..."

"ಬೇಡ!" ಅವಳು ಕೈ ಅಡ್ಡ ಹಿಡಿದಳು. "ಕೋಳಿ ಮಾತು ಬೇಡ, ಪಾಲಿನ ಮಾತೂ ಬೇಡ. ಸುತ್ತಿ ಬಳಸಿ ಹೇಳಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು. ನಿಮಗೇನ್ ಬೇಕು? ಬಾಯಿಬಿಟ್ಟು ಹೇಳಿ. ಇವತ್ತು ಹೇಳ್ದೇ ಇದ್ರೆ ಇನ್ನು ಯಾವತ್ತೂ ಬೇಡ."

ಅವನು ಅಂಗಿಯ ಗುಂಡಿಗೆ ಕೈ ಹಾಕಲಿಲ್ಲ. ಗಂಟಲು ಸರಿಮಾಡಿಕೊಳ್ಳಲಿಲ್ಲ.

"ನೀವು ಬೇಕು."

ಜೆಸಿಂತಾ ಉಸಿರು ಬಿಗಿಹಿಡಿದಳು.

"ನೀವು ಬೇಕು ಜೆಸಿಂತಾ. ನೀವು ಅಮ್ಮನ್ನ ಕರ್ಕೊಂಡು ಕೊಯಮತ್ತೂರಿಗೆ ಹೋಗಿ. ನಾನ್ ತಡೆಯಲ್ಲ. ಅಲ್ಲಿಗೇ ಬರ್ತೀನಿ, ನಿಮ್ಮಣ್ಣನ ಹತ್ರ ಕೇಳ್ತೀನಿ, ಫಾದರ್ ಹತ್ರ ಕೇಳ್ತೀನಿ, ನಮ್ಮಮ್ಮನ ಕಾಲು ಹಿಡ್ಕೋತೀನಿ. ನೀವು ನಿಮ್ಮ ದೇವ್ರನ್ನ ಬಿಡೋದ್ ಬೇಡ, ನಾನೂ ಬಿಡಲ್ಲ. ಎಷ್ಟ್ ದಿನ ಆಗತ್ತೋ, ಆಗತ್ತೋ ಇಲ್ವೋ, ಅದೂ ಗೊತ್ತಿಲ್ಲ. ಆದ್ರೆ ನೀವಿಲ್ದೆ ನನ್ ಕೈಲಿ ಆಗಲ್ಲ. ಅಷ್ಟೇ. ಇದಕ್ಕಿಂತ ಚೆನ್ನಾಗಿ ಹೇಳೋಕೆ ನಂಗ್ ಬರಲ್ಲ."

ಜೀವಮಾನದಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು! ಏದುಸಿರು ಬಿಡುತ್ತಿದ್ದ, ಪಾಪ.

ಯಾವ ಕಷ್ಟವೂ ಕರಗಿರಲಿಲ್ಲ. ಮನೆ ಬೀಳುವುದು ಬೀಳುವುದೇ. ಊರು ಬಿಡುವುದು ಬಿಡುವುದೇ. ಕಾಲು ಹಿಡಿದ ಮಾತ್ರಕ್ಕೆ ಬೈರಮ್ಮ ಕರಗುವವಳೂ ಅಲ್ಲ. ಎಲ್ಲವೂ ಗೊತ್ತಿದ್ದೂ ಜೆಸಿಂತಾ ಅವನ ಕೈ ಹಿಡಿದಳು. ಆ ಕೈ ತಣ್ಣಗಿತ್ತು, ಬೆಳಗಿನಿಂದ ಹೊರಗೇ ನಿಂತಿದ್ದನೋ ಏನೋ.

ಒಳಗಿನಿಂದ ಲೂರ್ದಮ್ಮನ ದನಿ ಬಂತು.

"ಜೆಸೀ... ಯಾರೇ ಅದು ಬಂದಿರೋದು?"

ಜೆಸಿಂತಾ ಅವನ ಮುಖ ನೋಡಿದಳು. ಹೆಸರು ಹೇಳಬಹುದಿತ್ತು. ಹೇಳಲಿಲ್ಲ.

"ನಮ್ಮೋರಮ್ಮಾ."

ಒಳಗೆ ತಟ್ಟೆಯ ಸದ್ದು ನಿಂತಿತು. ಆಮೇಲೆ ಲೂರ್ದಮ್ಮ ಮೆಲ್ಲನೆ ಮೂಗು ಸೀಟಿಕೊಂಡದ್ದು ಕೇಳಿಸಿತು.

ಮುನಿಯ ಕಣ್ಣು ತುಂಬಿ ಬಂತು. "ಏನಂದ್ರಿ?"

"ಕೇಳಿಸ್ತಲ್ಲಾ."

"ಇನ್ನೊಂದ್ಸಲ ಹೇಳಿ."

"ಚಪ್ಪಲಿ ಬಿಟ್ಟು ಮೊದಲು ಒಳಗ್ ಬನ್ನಿ," ಎಂದಳು ಅವಳು, ಅವನ ಕೈ ಬಿಡದೆ. "ದಿನಾ ಹೇಳ್ತೀನಿ. ಫೋನಲ್ಲಾದ್ರೂ ಸರಿ, ದಿನಾ ಹೇಳ್ತೀನಿ."